ಏಡಿ ಮುಟ್ಟದ ಅನ್ನ

ಹೆರಿಯಣ್ಣನ ಅನ್ನವನ್ನು ಏಡಿ ಮುಟ್ಟಲೇ ಇಲ್ಲ.

ಕಲ್ಲಿನ ತಡೆಗೋಡೆಗಳನ್ನೆಲ್ಲ ಕಡಲು ನುಂಗಿ ನೀರು ಕುಡಿದ ಮೇಲೆ ಊರನ್ನು ಕಾಯುತ್ತಿದ್ದುದು ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡೊಂದೇ. ಹೆಣದ ಮೇಲೆ ನೆಟ್ಟರೆ ಮಾತ್ರ ಆ ಗಿಡ ಬೇರು ಬಿಡುತ್ತಿತ್ತು. ಹಾಗಾಗಿ ಸತ್ತವರನ್ನು ಯಾರೂ ಸುಡುತ್ತಿರಲಿಲ್ಲ; ಹೆರಿಯಣ್ಣನನ್ನೂ ಕೆಸರಲ್ಲಿ ಹುಗಿದು ಮೇಲೆ ಗಿಡ ನೆಟ್ಟಾಗಿತ್ತು. ಸತ್ತವರಿಗಿಡುವ ಬೊಜ್ಜದ ಅನ್ನವೂ ಕಾಗೆಗಲ್ಲ, ಬೇರಿನಡಿಯ ಏಡಿಗೆ. ಈ ಕಾಡಿಗೆ ಜನರ ಒಪ್ಪಿಗೆ ಎಷ್ಟಿದೆಯೆಂದು ಮನೆಮನೆ ಕೇಳುವುದು ವಾರಿಜಾಳ ಸಂಶೋಧನೆ. ಇಂದೂ ಅದಕ್ಕೇ ಬಂದವಳು ಸಾವಿನ ಮನೆಯವರ ಜೊತೆ ಕೆಸರಲ್ಲಿ ನಿಂತಿದ್ದಳು.

ಸತ್ತವನ ಆಸೆ ಉಳಿದಿದ್ದರೆ ಏಡಿ ಬರುವುದಿಲ್ಲ. ಹೆರಿಯಣ್ಣನ ಮಗ ಶೀನ ಕೈಮುಗಿದ. "ಅಪ್ಪಯ್ಯ, ತಂಗಿ ಮದಿ ನಾ ಮಾಡ್ತೆ." ಏಡಿ ಬರಲಿಲ್ಲ. "ದೋಣಿ ಮಾರುದಿಲ್ಲ." ಆಗಲೂ ಇಲ್ಲ. ಉಬ್ಬರ ಏರುತ್ತಿತ್ತು.

ವಾರಿಜಾಳಿಗೆ ಆ ಆಸೆ ಗೊತ್ತಿತ್ತು. ಕೇರಿಯಲ್ಲಿ ಒಪ್ಪುವುದಿಲ್ಲ ಎಂದವನು ಹೆರಿಯಣ್ಣ ಒಬ್ಬನೇ. "ನನ್ನ ಸುಡಿ ಅಮ್ಮಾ, ಕೆಸರಂಗೆ ಹುಗಿಬೇಡಿ" ಎಂದು ಅವಳ ಕೈ ಹಿಡಿದಿದ್ದ. ಅದನ್ನು ಹೇಳಲು ಅವಳು ಬಾಯಿ ತೆರೆದಳು.

ಹೆರಿಯಣ್ಣನ ಹೆಂಡತಿ ನರ್ಸಿ ಅವಳ ಮೊಣಕೈ ಅದುಮಿ ಪಿಸುಗುಟ್ಟಿದಳು. "ಅದೊಂದ್ ಹೇಳ್ಬೇಡಿ. ನಂಗೂ ಗೊತ್ತಿತ್ತ್. ಇವ್ರನ್ ತೆಗದ್ರೆ ಗಿಡ ಹೋತ್, ಸಮುದ್ರ ಮಕ್ಕಳ್ ಮಲ್ಗುವಲ್ಲಿಗೆ ಬತ್ತ್."

ನರ್ಸಿ ಬಗ್ಗಿ, ಸೆರಗಿನ ಮರೆಯಲ್ಲಿ ಅನ್ನದ ಎಲೆಯನ್ನು ಏಡಿಯ ಬಿಲಕ್ಕೆ ತುರುಕಿ ಕೆಸರು ಮೆತ್ತಿದಳು. "ಮುಟ್ತ್ ಕಾಣಿ!" ಎಂದು ಕೂಗಿದಳು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

ಹಿಂದಿರುಗುವಾಗ ವಾರಿಜಾ ಕೇಳಲೇಬೇಕಾದ ಪ್ರಶ್ನೆ ಕೇಳಿದಳು. "ನಿಮಗೆ ಈ ಕಾಡು ಒಪ್ಪಿಗೆಯಾ?"

"ಒಪ್ಪಿಗೆ ಅಂದೇ ಬರ್ಕಣಿ," ಎಂದಳು ನರ್ಸಿ ಕೈ ತೊಳೆಯುತ್ತ. "ಆದ್ರೆ ನಾ ಸತ್ರೆ ಇವ್ರ ಹತ್ರ ಮಾತ್ರ ನೆಡ್ಬೇಡಿ. ಯಾವ ಮುಖ ಇಟ್ಕಂಡ್ ಮಲ್ಗಲಿ?"