ಇದ್ದುದರಲ್ಲಿ ಕಳಪೆ ಕಂತು

ಟಿವಿಯಲ್ಲಿ ಗುಂಡು ಹಾರುವ ಮೊದಲೇ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು. ಪತ್ತೇದಾರ ಇನ್ನೂ ಆರಾಮಾಗಿ ಟೀ ಕುಡಿಯುತ್ತಿದ್ದ. ಅವನು ಕಪ್ಪು ಕೆಳಗಿಟ್ಟ ಮೇಲೆ ಢಂ ಎಂದಿತು.

ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ ಬಸ್ ಡ್ರೈವರ್ ಗಂಡ ಅವಳತ್ತ ತಿರುಗಿದ. ಕಂತು ಶುರುವಾದಾಗಿನಿಂದ ಅವನು ಬೈಯುತ್ತಲೇ ಇದ್ದ. "ತಲೆಬುಡ ಇಲ್ಲದ ಕಥೆ ಕಣೆ! ಕೊಂದಿದ್ದು ಮಾಲಿ ಅಂತ ಕಣ್ಣಿಗೆ ಹೊಡೀತಿದೆ, ಇವನು ನೋಡಿದ್ರೆ ಊರೆಲ್ಲಾ ಸುತ್ತುತಾನೆ. ಅಯ್ಯೋ, ಹ್ಯಾಂಡ್‌ಬ್ರೇಕ್ ತೆಗೀದೇ ಕಾರು ಓಡಿಸ್ತಿದಾನೆ!" ಅವಳು ಬಿದ್ದು ಬಿದ್ದು ನಕ್ಕಿದ್ದಳು, ಮಾಲಿ ಅಲ್ಲ, ಅಡುಗೆಯವಳೇ ಅಂತ ಹಟ ಹಿಡಿದು ವಾದ ಮಾಡಿದ್ದಳು. ಆ ಮನೆಯಲ್ಲಿ ಇಷ್ಟು ಮಾತು ಕೇಳಿ ಎಷ್ಟೋ ವಾರಗಳಾಗಿದ್ದವು.

"ಇದನ್ನ ಮೊದಲೇ ನೋಡಿದೀಯಾ?"

ಅವಳು ಕಿವಿಯಿಂದ ಕೈ ತೆಗೆದಳು. "ನೀವು ಡ್ಯೂಟಿಗೆ ಹೋದ್ಮೇಲೆ ಒಂದೊಂದೇ ಹಾಕಿ ನೋಡ್ತೀನಿ. ಅದರಲ್ಲಿ ಇದನ್ನ ಆರಿಸಿಟ್ಟಿದ್ದೆ."

"ಇಂಥ ದರಿದ್ರದ್ದನ್ನ ಯಾರಾದ್ರೂ ಆರಿಸಿಡ್ತಾರೇನೆ? ದಿನವಿಡೀ ಸ್ಟೇರಿಂಗ್ ತಿರುಗಿಸಿ ಬಂದಿದೀನಿ. ಚೆನ್ನಾಗಿರೋದು ಒಂದು ಹಾಕಬಾರ್ದಿತ್ತಾ?"

"ಚೆನ್ನಾಗಿರೋದು ಹಾಕಿದ್ರೆ 'ಶ್, ಸುಮ್ನಿರು' ಅಂತೀರಿ," ಅಂದಳು ಅವಳು, ಟಿವಿಯಿಂದ ಕಣ್ಣು ಕೀಳದೆ. "ನೀವು ನನ್ನ ಜೊತೆ ಮಾತಾಡೋದು ಇಂಥದ್ದು ಹಾಕಿದಾಗ ಮಾತ್ರ ಕಣ್ರೀ."