ಐದು ಜೇಬಿನ ಸೊಂಟಪಟ್ಟಿ

ಹುಲ್ಲು ಹಾಳಾಗುತ್ತದೆ ಎಂದು ನಗರಸಭೆಯವರು ಮೈದಾನದ ಗೇಟಿಗೆ ಬೀಗ ಹಾಕಿದರು. ಹನ್ನೆರಡನೆಯ ದಿನ ಬೆಳಿಗ್ಗೆ, ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಓಡುತ್ತಿದ್ದ ಹೊಲಿಗೆಯವಳ ಎದೆಗೆ ಬೈಕಿನಲ್ಲಿ ಬಂದವನೊಬ್ಬ ಕೈ ಹಾಕಿದ. ಅವಳನ್ನು ಚರಂಡಿಗೆ ತಳ್ಳಿ, ನಗುತ್ತಾ ಹೋದ.

ಅದಾದ ಮೂರನೆಯ ದಿನ ಅವಳು ಗಂಡನನ್ನು ಕರೆದುಕೊಂಡು ನಗರಸಭೆಗೆ ಬಂದು, ಮೈದಾನದ ಉಸ್ತುವಾರಿಯ ಅಧಿಕಾರಿಯ ಎದುರು ಅರ್ಜಿ ಇಟ್ಟು ಕೂತಿದ್ದಳು. ಮೊಣಕೈಗೆ ಬ್ಯಾಂಡೇಜು. ಎಡಗಣ್ಣು ಇನ್ನೂ ಕೆಂಡದಂತಿತ್ತು. ಬೇಕರಿಯ ಒಲೆಯ ಮುಂದೆ ರಾತ್ರಿಯೆಲ್ಲ ನಿಂತು, ಹಾಗೇ ಬಂದಿದ್ದ ಗಂಡ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

"ಕಣ್ಣಿಗೇನಾಯ್ತಮ್ಮ? ಅದನ್ನೂ ಅವನೇ ಮಾಡಿದ್ನಾ?" ಅಧಿಕಾರಿ ಕೇಳಿದರು.

"ಇಲ್ಲ ಸಾರ್. ಅದು ನಾನೇ ಮಾಡ್ಕೊಂಡಿದ್ದು."

ಚೀಲದಿಂದ ಒಂದು ಸೊಂಟಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಗಿರಾಕಿಗಳ ಪ್ಯಾಂಟು ಮೋಟು ಮಾಡಿದಾಗ ಉಳಿದ ದಪ್ಪ ಬಟ್ಟೆಯಲ್ಲಿ ಅವಳೇ ಹೊಲಿದದ್ದು. ಮೈದಾನ ಮುಚ್ಚಿ ಅವಳು ರಸ್ತೆಗೆ ಬಿದ್ದ ದಿನ ಅದಕ್ಕಿದ್ದದ್ದು ಒಂದೇ ಜೇಬು, ಅದರಲ್ಲೊಂದು ಸೀಟಿ. ಆಮೇಲೆ ಗಂಡ ಬೇಕರಿಯಿಂದ ಬರುವಾಗಲೆಲ್ಲ ಹೊಸದೊಂದು ಭಯವನ್ನೂ ಅದಕ್ಕೊಂದು ಮದ್ದನ್ನೂ ತರತೊಡಗಿದ. ಒಂದು ದಿನ ಟಾರ್ಚು. ಇನ್ನೊಂದು ದಿನ, "ನಿನ್ನ ದಾರ ಕತ್ತರಿಸೋ ಕತ್ತರಿನೂ ಇರ್ಲಿ ಕಣೆ" ಎಂದ. ಮತ್ತೊಂದು ದಿನ, ಬೀಸಿ ಹೊಡೆಯಲೆಂದು ಬೇಕರಿಯ ಹಳೆಯ ಹಿತ್ತಾಳೆ ಬೀಗ. ಕೊನೆಗೆ ಖಾರದ ಪುಡಿಯ ಪೊಟ್ಟಣ. ಬಂದದ್ದಕ್ಕೆಲ್ಲ ಅವಳು ಜೇಬು ಹೊಲಿಯುತ್ತಾ ಹೋದಳು. ಹೆಜ್ಜೆ ಹೆಜ್ಜೆಗೂ ಬೀಗ ಸೊಂಟದ ಮೂಳೆಗೆ ಬಡಿದು, ಅಲ್ಲಿ ನೀಲಿಗಟ್ಟಿತ್ತು.

"ಅವನು ಬೈಕು ನಿಧಾನ ಮಾಡಿದಾಗಲೇ ಗೊತ್ತಾಯ್ತು ಸಾರ್. ಸೀಟಿ ಎಳೆದೆ, ಅದರ ದಾರ ಕತ್ತರಿ ಹಿಡಿಗೆ ಸಿಕ್ಕಾಕ್ಕೊಂಡಿತ್ತು. ಕೈಗೆ ಸಿಕ್ಕಿದ್ದು ಖಾರದ ಪುಡಿ. ಎರಚಿದೆ. ಗಾಳಿ ಎದುರಿಂದ ಬೀಸ್ತಿತ್ತು."

ಅಧಿಕಾರಿ ಪಟ್ಟಿಯನ್ನು ಎತ್ತಿಕೊಂಡು, ಒಳಗು ಹೊರಗು ಮಾಡಿ ನೋಡಿದರು. ಮುಖ ಅರಳಿತು.

"ಎಷ್ಟು ಅಚ್ಚುಕಟ್ಟಾಗಿ ಹೊಲ್ದಿದ್ದೀಯಮ್ಮಾ! ಒಂದು ಕೆಲಸ ಮಾಡು. ಇಂಥವು ಇನ್ನೂರು ಹೊಲ್ದು ಕೊಡು. ಬಟ್ಟೆ ನಮ್ದು, ಕೂಲಿನೂ ಕೊಡ್ತೀವಿ. ಖಾರದ ಪುಡಿ ಬೇಡ, ಕಣ್ಣಿಗೆ ಹೊಡೆಯೋ ಸ್ಪ್ರೇ ಡಬ್ಬಿ ನಾವೇ ಹಾಕ್ತೀವಿ. ಓಡೋ ಹೆಣ್ಮಕ್ಕಳಿಗೆಲ್ಲ ಹಂಚೋಣ. ಮೊದಲನೇದು ನಿನಗೇ ಕೊಟ್ಟು ಫೋಟೋ ತೆಗೆಸೋಣ."

ಗಂಡನ ನಿದ್ದೆ ಹಾರಿಹೋಯಿತು. "ಇನ್ನೂರಾ ಸಾರ್?"

"ಅರ್ಜಿ ಸಾರ್," ಎಂದಳು ಅವಳು. "ಬೆಳಿಗ್ಗೆ ಒಂದು ಗಂಟೆ ಗೇಟು ತೆಗೆದ್ರೆ ಸಾಕು."

"ಅಯ್ಯೋ, ಹುಲ್ಲು ಈಗ ತಾನೇ ಬೇರು ಬಿಡ್ತಿದೆಯಮ್ಮ. ದೂರದಿಂದ ತರಿಸಿದ್ದು, ತುಳಿದ್ರೆ ಸತ್ತೇಹೋಗುತ್ತೆ. ಒಂದು ವರ್ಷ ಕಳೀಲಿ, ನೋಡೋಣ. ಅಷ್ಟಕ್ಕೂ ನೀನು ಓಡ್ಲೇಬೇಕಾ? ಮನೇಲೇ ನಿಂತ ಕಡೆ ನಾಲ್ಕು ಸಲ ಕುಣಿದ್ರೆ ಆಗಲ್ವಾ?"

ಅವಳು ಕಿಟಕಿಯತ್ತ ತಿರುಗಿದಳು. ದಿನಕ್ಕೆ ಹತ್ತು ಗಂಟೆ ಮಿಷನ್ನು ತುಳಿದು ಕಾಲು ಊದುತ್ತಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು; ಡಾಕ್ಟರು ಗದರಿದ ಮೇಲೆ ಓಡಲು ಹೊರಟವಳು. ಆಮೇಲೆ ಸಕ್ಕರೆ ಮರೆತೇಹೋಯಿತು. ಮೈದಾನ ಸುತ್ತುವ ಆ ಅರ್ಧ ಗಂಟೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಇಲ್ಲಿ ಬಿಗಿ ಆಯ್ತು, ಅಲ್ಲಿ ಸಡಿಲ ಆಯ್ತು ಎನ್ನುತ್ತಿರಲಿಲ್ಲ. ತನ್ನ ಉಸಿರಿನ ಸದ್ದು ತನಗೇ ಕೇಳಿಸುತ್ತಿತ್ತು. ರಸ್ತೆಗೆ ಬಿದ್ದ ಮೇಲೆ ಕೇಳಿಸುತ್ತಿದ್ದದ್ದು ಜೇಬುಗಳ ಕುಲುಕಾಟ, ಹಿಂದಿನಿಂದ ಬರುವ ಬೈಕುಗಳ ಸದ್ದು.

ಕಿಟಕಿಯಾಚೆ ಮೈದಾನ ಕಾಣುತ್ತಿತ್ತು. ನಟ್ಟನಡುವೆ ನೀರು ಚಿಮುಕಿಸುವ ಯಂತ್ರ ತನ್ನಷ್ಟಕ್ಕೆ ಸುತ್ತುತ್ತಿತ್ತು. ಗೇಟಿನ ಒಳಗೆ, ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕೋಲಿಟ್ಟುಕೊಂಡ ಕಾವಲಿನವನೊಬ್ಬ ಹುಲ್ಲನ್ನೇ ನೋಡುತ್ತಾ ಕೂತಿದ್ದ.

"ಹೂಂ ಅನ್ನೇ," ಗಂಡ ಅವಳ ಕಿವಿಯ ಹತ್ತಿರ ಬಗ್ಗಿದ. "ಎರಡು ತಿಂಗಳ ಕೆಲಸ ಕಣೆ. ತಾನಾಗೇ ಬಂದಿದೆ."

"ನೀವು ಮಲಗಿದ್ದೇ ಚೆನ್ನಾಗಿತ್ತು ಕಣ್ರೀ."

ಅಧಿಕಾರಿ ನಕ್ಕು ಎದ್ದು ನಿಂತರು. "ಸರಿಯಮ್ಮಾ, ಮಾದರಿ ಇಲ್ಲೇ ಬಿಟ್ಟುಹೋಗು. ನಾಳೆ ಬೆಳಿಗ್ಗೆನೇ ಬಂದು ಬಟ್ಟೆ ತಗೊಂಡು ಹೋಗು."

ಹೊಲಿಗೆಯವಳು ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಜೇಬುಗಳನ್ನು ಒಂದೊಂದಾಗಿ ಬಿಚ್ಚಿ ಅರ್ಜಿಯ ಮೇಲೆ ಖಾಲಿ ಮಾಡಿದಳು. ಸೀಟಿ. ಟಾರ್ಚು. ಕತ್ತರಿ. ಪೊಟ್ಟಣದಲ್ಲಿ ಉಳಿದಿದ್ದ ಒಂದು ಚಿಟಿಕೆ ಖಾರದ ಪುಡಿ. ಕೊನೆಗೆ ಆ ಬೀಗ. ಅದು ಬಿದ್ದ ಸದ್ದಿಗೆ ಪಕ್ಕದ ಕೋಣೆಯ ಗುಮಾಸ್ತ ಇಣುಕಿ ನೋಡಿದ.

"ಇದೇನಮ್ಮಾ ಇದು?"

"ಇವು ನಿಮ್ಮ ಹತ್ರಾನೇ ಇರ್ಲಿ ಸಾರ್. ಅಲ್ಲಿ ಗೇಟಿನ ಹತ್ರ ಕೂತಿದ್ದಾನಲ್ಲ, ಅವನಿಗೆ ಕೊಡಿ. ಹುಲ್ಲು ಕಾಯೋಕೆ ಬೇಕಾಗುತ್ತೆ." ಖಾಲಿ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಾಳೆ ಬೆಳಿಗ್ಗೆ ನಾನು ಗೇಟು ಹತ್ತಿ ಒಳಗೆ ಇಳೀತೀನಿ. ಈ ಪಟ್ಟಿ ಮಾತ್ರ, ಇನ್ನೂರಲ್ಲ, ಒಂದನ್ನೂ ಹೊಲಿಯಲ್ಲ."