ಏನೂ ಅನ್ನದಿದ್ದರೆ

ಸುಶೀಲವ್ವ ಎಂಟರ್ ಗುಂಡಿ ಒತ್ತಿ ಕೈ ಹಿಂದೆ ತೆಗೆದಳು. ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಕಪ್ಪು ಗಾಜಿನ ಮೇಲೆ ಒಂದು ‘ಸಿ’ ಅಕ್ಷರ, ಪಕ್ಕದಲ್ಲಿ ಬಾಣದ ಮೊನೆ, ಅದರ ಮುಂದೆ ಮಿಣುಕುವ ಸಣ್ಣ ಗೆರೆ. ಆದೇಶ ಬರೆಯುವ ಮೊದಲೂ ಅಷ್ಟೇ ಇತ್ತು, ಬರೆದ ಮೇಲೂ ಅಷ್ಟೇ ಇತ್ತು.

ಶಿಗ್ಗಾಂವಿಯ ಬೀಜ ಬೆಳೆಗಾರರ ಸಂಘದ ಕಚೇರಿಗೆ ಈ ಯಂತ್ರ ಬಂದು ನಾಲ್ಕು ದಿನವಾಗಿತ್ತು. ಎಂಬತ್ತೆಂಟನೆಯ ಇಸವಿ, ಊರಲ್ಲಿ ಅಂಥದ್ದನ್ನು ಕಣ್ಣಿಂದ ಕಂಡವರೇ ಕಡಿಮೆ. ಧೂಳು ತಾಗಬಾರದೆಂದು ‘ಚಪ್ಪಲಿ ಹೊರಗೆ ಬಿಡಿರಿ’ ಎಂದು ಕಾರ್ಯದರ್ಶಿಗಳು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದರು. ಕಲಿಸಲು ಧಾರವಾಡದಿಂದ ವಾದಿರಾಜ ಮಾಸ್ತರರು ಬಂದಿದ್ದರು. ಇಂದು ಸಂಜೆಯೊಳಗೆ ಕಲಿತು ತೋರಿಸಿದರೆ ಆರು ವರ್ಷದಿಂದ ಹಂಗಾಮಿ ಟೈಪಿಸ್ಟ್ ಆಗಿದ್ದ ಸುಶೀಲವ್ವನ ನೌಕರಿ ಕಾಯಂ.

ಆದರೆ ಕಾಯಂ ಆಗಿ ಮಾಡುವುದೇನು? ನಿನ್ನೆ ಅವಳನ್ನು ನೋಡಲು ಬಂದಿದ್ದ ಹಂಸಭಾವಿಯ ಗಂಡಿನ ಕಡೆಯವರು ಊರಲ್ಲೇ ಉಳಿದಿದ್ದರು. ಹುಡುಗಿ ಒಪ್ಪಿಗೆ, ಮದುವೆಯಾದ ಮೇಲೆ ನೌಕರಿ ಮಾತ್ರ ಬೇಡ ಎಂದಿದ್ದರು. ನಾಲ್ಕು ಗಂಟೆಯ ಹಿರೇಕೆರೂರ ಬಸ್ಸಿಗೆ ಅವರು ಹೊರಡುವ ಮುಂಚೆ ಅಪ್ಪ ಮಾತು ಕೊಡಬೇಕಿತ್ತು. ಅಪ್ಪ ಅವಳನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೇಳಿದ್ದರೂ ಏನು ಹೇಳಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಲೆಯೆಲ್ಲ ಕಲಸಿಟ್ಟ ಹಿಟ್ಟಿನಂತಾಗಿತ್ತು.

ಉತ್ತರ ಬಾರದಿದ್ದರೆ ಏನರ್ಥ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು. ಇದಕ್ಕೂ ಮೊದಲು ಆರು ಗಂಡಿನ ಕಡೆಯವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ‘ಊರಿಗೆ ಹೋಗಿ ಕಾಗದ ಬರೀತೇವ್ರಿ’ ಎಂದು ಹೋಗಿದ್ದರು. ಒಂದು ಕಾಗದವೂ ಬರಲಿಲ್ಲ. ಸುಮ್ಮನಿದ್ದಾರೆಂದರೆ ಒಲ್ಲೆವೆಂದೇ ಅರ್ಥ. ಅದನ್ನು ಧಾರವಾಡದಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. ಹಾಗಾಗಿ ಈ ಯಂತ್ರವೂ ಒಲ್ಲೆನೆಂದಿತು ಎಂದುಕೊಂಡು, ಯಂತ್ರದೊಳಗಿನ ರೈತರ ಯಾದಿಗೆ ಹೊಸ ಹೆಸರಿಡುವ ಅದೇ ಆದೇಶವನ್ನು ಮತ್ತೊಮ್ಮೆ ಬರೆದಳು. ಈ ಸಲ ಉದ್ದದೊಂದು ಸಾಲು ಬಂತು. ಕೊನೆಯಲ್ಲಿ ‘ಫೈಲ್ ನಾಟ್ ಫೌಂಡ್’ ಎಂದಿತ್ತು.

“ಸರ್, ಯಾದಿ ಕಳದ್ ಹೋತ್ರಿ! ಮುನ್ನೂರು ಮಂದೀದು, ಎರಡ ದಿನ ಕುಂತು ಬರದದ್ದು.” “ಮೊದಲ್ನೇ ಸಲ ಏನೂ ಅನ್ನಲಿಲ್ರಿ ಇದು. ಅದಕ್ಕ ಮತ್ತ ಬರದ್ನಿ.”

ಮಾಸ್ತರರು ಚಹಾದ ಕಪ್ಪು ಹಿಡಿದುಕೊಂಡೇ ಬಂದರು. “ಏನೂ ಅನ್ನಲಿಲ್ಲಂದ್ರ ನಿಮ್ಮ ಮಾತು ನಡಿಸೇದ ಅಂತ ಅರ್ಥರೀ. ಎಲ್ಲಾ ಸರಿ ಇದ್ರ ಇದು ಸುಮ್ಮನಿರ್ತದ. ತಪ್ಪಿದ್ರಷ್ಟ ಬಾಯಿ ತಗೀತದ.” ಒಂದೇ ಕೈಯಲ್ಲಿ ಮೂರು ಅಕ್ಷರ ಒತ್ತಿದರು. ಯಾದಿ ಹೊಸ ಹೆಸರಿನಲ್ಲಿ ಕಣ್ಣೆದುರಿಗೇ ಇತ್ತು. “ನೋಡ್ರಿ, ಎಲ್ಲೂ ಹೋಗಿಲ್ಲ. ನಮ್ಮ ತಾಯೀನ ತವರಮನ್ಯಾಗ ಗಂಗಾ ಅಂತಿದ್ರು, ಲಗ್ನದಾಗ ಪದ್ಮಾಬಾಯಿ ಅಂತ ಇಟ್ರು. ಈಗ ಗಂಗಾ ಅಂತ ಕರದ್ರ ನಮ್ಮ ಮನ್ಯಾಗ ಯಾರು ಓ ಅಂತಾರ?”

ಸುಶೀಲವ್ವ ಗಾಜಿನ ಕಡೆ ಬೊಟ್ಟು ಮಾಡಿದಳು. “ಹಂಗಾರ ಇದು ಗಂಡಿನ ಕಡೀದಲ್ರಿ, ಹೆಣ್ಣಿನ ಕಡೀದು.”

“ಏನಂದ್ರಿ?”

“ಗಂಡಿನ ಕಡ್ಯಾವ್ರು ಸುಮ್ಮನಿದ್ರ ಒಲ್ಲೆ ಅಂತ ತಿಳೀಬೇಕ್ರಿ. ಹುಡುಗಿ ಸುಮ್ಮನಿದ್ರ ಹೂಂ ಅಂತ ತಿಳಕೋತಾರ.”

ಮಾಸ್ತರರು ಚಹಾ ಹೀರತೊಡಗಿದರು.

ಅಷ್ಟರಲ್ಲಿ ಅಪ್ಪ ಫಕ್ಕೀರಪ್ಪ ಬಾಗಿಲಿಗೆ ಬಂದ. ಒಳಗೆ ಬರುವಷ್ಟು ಪುರಸೊತ್ತು ಇರಲಿಲ್ಲ. ಚಪ್ಪಲಿ ಕಾಲಲ್ಲೇ, ಹೊಸ್ತಿಲಾಚೆಯೇ ನಿಂತ.

“ಅವರು ಬಸ್ ಸ್ಟ್ಯಾಂಡಿನ್ಯಾಗ ಕುಂತಾರವಾ. ಹೂಂ ಅಂತ ಹೇಳಿ ಬರ್ತೇನಿ.”

ಸುಶೀಲವ್ವ ಯಂತ್ರದ ಕಡೆ ತಿರುಗಿದಳು. ಗೆರೆ ಮಿಣುಕುತ್ತಲೇ ಇತ್ತು.

“ಆತು. ನೀ ಏನೂ ಅನ್ನಲಿಲ್ಲಂದ್ರ ಒಪ್ಪೀದಿ ಅಂತನ ಅರ್ಥ,” ಎಂದು ಅಪ್ಪ ತಿರುಗಿದ.

ಆಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಏನೂ ಅನ್ನದಿದ್ದರೆ ಮಾತು ನಡೆದೇ ಬಿಡುತ್ತದೆ. ಐದು ನಿಮಿಷದ ಹಿಂದೆ ಕಲಿತ ಪಾಠ. ಈ ಕುರ್ಚಿ ಬೇಕು, ಒಂದಿಷ್ಟೂ ಅರ್ಥವಾಗದ ಈ ಯಂತ್ರವೂ ಬೇಕು ಎಂಬುದು ಅವಳಿಗೇ ಗೊತ್ತಾದದ್ದು ಆ ಹೊತ್ತಿನಲ್ಲಿ.

“ಅಪ್ಪಾ, ಒಲ್ಲೆ!”

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ಪಕ್ಕದ ಕೋಣೆಯಲ್ಲಿ ಕಾರ್ಯದರ್ಶಿಗಳ ಮಾತು ನಿಂತಿತು.

“ಏನಂದಿ?”

“ನೌಕರಿ ಬಿಡೂದಾದ್ರ ಈ ಮದಿವಿ ನಾ ಒಲ್ಲೆ. ಹಂಗಂತ ಹೇಳು ಅವರಿಗೆ.”

ಅಪ್ಪ ಮಗಳನ್ನು ನೋಡಿದ, ಮಾಸ್ತರರನ್ನು ನೋಡಿದ, ಕಪ್ಪು ಗಾಜನ್ನು ನೋಡಿದ. ಏನೂ ಅನ್ನಲಿಲ್ಲ. ಅದು ಯಾವ ಕಡೆಯ ಸುಮ್ಮನಿರುವಿಕೆಯೋ ಸುಶೀಲವ್ವನಿಗೆ ಬಗೆಹರಿಯಲಿಲ್ಲ. ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳಲೇ ಎನಿಸಿತು. ತುಟಿ ಕಚ್ಚಿ ತಡೆದುಕೊಂಡಳು.

ಬಸ್ ಸ್ಟ್ಯಾಂಡಿನ ಕಡೆಯಿಂದ ನಾಲ್ಕು ಗಂಟೆಯ ಹಿರೇಕೆರೂರ ಬಸ್ಸು ಹೊರಡುತ್ತ ಎರಡು ಸಲ ಹಾರ್ನ್ ಹೊಡೆಯಿತು. ಅಪ್ಪ ಬಗ್ಗಿ, ಒಂದೊಂದಾಗಿ ಚಪ್ಪಲಿ ಕಳಚಿ ಹೊರಗಿಟ್ಟು, ಒಳಗೆ ಬಂದು ಕುಳಿತ.